ನಿಮ್ಮ ‘ಆದ್ದರಿಂದ’ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ

ಪ್ರಿಯ ಡಾಕ್ಟರೇ,

ಚಿಕ್ಕಮಗಳೂರಿನಿಂದ ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಅನ್ನನಾಳದ ಉರಿಯೂತ ಮತ್ತು ಚಲನೆಯ ದೋಷಗಳು’ ಲೇಖನ ತಲುಪಿತು. ಎರಡು ಸಲ ಓದಿದೆ. ವಿಷಯ ಗೊತ್ತಿದ್ದು ಬರೆದಿದ್ದೀರಿ. 1674ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ತಿಮಿಂಗಿಲದ ಬಾಯಿಯ ಬಾಗುವ ಪಟ್ಟಿಯಿಂದ ಮಾಡಿದ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ, ರೋಗಿಯ ಗಂಟಲಿನಿಂದ ಅನ್ನ ಕೆಳಗೆ ತಳ್ಳಿಸಿದ ಕಥೆ ಚೆನ್ನಾಗಿದೆ, ಇರಲಿ. ಇನ್ನು ಜಗಳಕ್ಕೆ ಬರೋಣ.

ನಿಮ್ಮ ಮೊದಲ ಸಾಲು: ‘ಆಹಾರ ಸೇವನೆಯ ಸಂದರ್ಭದಲ್ಲಿ ಅಡಚಣೆಯ ಅನುಭವವು ಕಂಡುಬರುತ್ತದೆ.’ ಯಾರಿಗೆ ಸ್ವಾಮಿ? ನಮ್ಮ ಹಾಸನದ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಗಂಟಲ ಕೆಳಗೆ ಏನಾಗುತ್ತದೆ ಅಂತ ನಮಗೆ ತುತ್ತು ತುತ್ತಿಗೂ ಗೊತ್ತು. ಬೀಗರೂಟದ ಪಂಕ್ತಿಯಲ್ಲಿ ಒಬ್ಬರು ಮುದ್ದೆ ಬೇಡ ಅಂದು, ಅನ್ನಕ್ಕೂ ಗುಟುಕು ಗುಟುಕು ನೀರು ಕುಡಿದು, ಎಲ್ಲರೂ ಕೈ ತೊಳೆದ ಮೇಲೂ ಎಲೆ ಮುಂದೆ ಕೂತಿರುತ್ತಾರಲ್ಲ, ಅವರನ್ನು ನೀವು ನೋಡಿಲ್ವಾ? ನೋಡಿದ್ದೀರಿ. ಮೂರನೇ ಪುಟದಲ್ಲಿ ‘ಮುದ್ದೆ ಬಿಟ್ಟು ಗಂಜಿಗೆ ಇಳಿದ ರೈತ’ ಅಂತ ಒಂದೇ ಒಂದು ಸಾಲಿದೆ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅಂಥ ಸಾಲನ್ನು ಆವರಣದಲ್ಲಿ ಹಾಕಿದ್ದೀರಲ್ಲ!

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಎರಡನೇ ಪುಟಕ್ಕೆ. ‘ಉರಿಯೂತದಿಂದ ಒಳಪದರಕ್ಕೆ ಹಾನಿಯಾಗುತ್ತದೆ. ಆದ್ದರಿಂದ ಚಲನೆ ಕುಂಠಿತವಾಗುತ್ತದೆ.’ ಎಷ್ಟು ಸಲೀಸು! ಒಳಪದರವೇ ಬೇರೆ, ಆಚೆಯ ಸ್ನಾಯುವೇ ಬೇರೆ. ತುತ್ತನ್ನು ಅಲೆ ಅಲೆಯಾಗಿ ಕೆಳಗೆ ಒತ್ತುವ ನರಗಳು ಆ ಸ್ನಾಯುವಿನ ಪದರಗಳ ನಡುವೆ ಇವೆ. ಒಳಗಿನ ಉರಿ ಅಲ್ಲಿಗೆ ಹೇಗೆ ಮುಟ್ಟಿತು? ಹೇಳಿಲ್ಲ. ಇನ್ನು ನಾಲ್ಕನೇ ಪುಟದಲ್ಲಿ ನೀವೇ ಬರೆಯುತ್ತೀರಿ: ಅಕಲೇಸಿಯಾ ಅನ್ನುವ ರೋಗದಲ್ಲಿ ಅನ್ನನಾಳದ ಕೆಳತುದಿಯ ಬಿಗಿ ಸಡಿಲವಾಗುವುದಿಲ್ಲ, ಅನ್ನ ನಿಂತು ಕೊಳೆಯುತ್ತದೆ, ಒಳಪದರ ಕೆರಳುತ್ತದೆ. ಹಾಗಾದರೆ ಮೊದಲು ಕೆಟ್ಟಿದ್ದು ಚಲನೆ, ಅಲ್ವಾ? ಹುಳಿತೇಗಿನವರದ್ದೂ ಇದೇ ಕಥೆ. ಅಲೆ ಸೋತರೆ ಮೇಲೆ ಬಂದ ಆಮ್ಲ ಬೇಗ ಇಳಿಯುವುದಿಲ್ಲ, ಇಳಿಯದ ಆಮ್ಲ ಇನ್ನಷ್ಟು ಸುಡುತ್ತದೆ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗಿವೆ ನಿಮ್ಮ ಎರಡನೇ ಪುಟ, ನಾಲ್ಕನೇ ಪುಟ.

ಇಯೊಸಿನೊಫಿಲ್ ಕಣಗಳ ಭಾಗಕ್ಕೆ ಬನ್ನಿ. ಅಲರ್ಜಿಯಲ್ಲಿ ಹೆಚ್ಚುವ ಬಿಳಿ ರಕ್ತಕಣ ಇದು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ 15 ಅಥವಾ ಹೆಚ್ಚು ಕಂಡರೆ ಈ ಕಣಗಳ ಉರಿಯೂತ ಇರಬಹುದು ಎಂದಿದ್ದೀರಿ, ಸರಿ. ಆದರೆ ಎಂಡೋಸ್ಕೋಪಿಯಲ್ಲಿ ಚಿವುಟಿ ತೆಗೆಯುವುದು ಒಳಪದರದ ಚೂರು ಮಾತ್ರ. ಕಣಗಳು ಸ್ನಾಯುವಿನಲ್ಲಿ ಅಡಗಿದ್ದರೆ ವರದಿಗೆ ಬರುವುದೇ ಇಲ್ಲ. ಅಕಲೇಸಿಯಾದವರ ಸ್ನಾಯುವಿನಲ್ಲೂ ಅವು ಸಿಕ್ಕಿವೆ. ಉರಿಯೂತಕ್ಕೆ ಮದ್ದು ಕೊಟ್ಟ ಮೇಲೆ ಕೆಲವರ ಚಲನೆ ಸುಧಾರಿಸಿದ್ದೂ ಇದೆ, ಎಲ್ಲರದ್ದಲ್ಲ. ಇಷ್ಟನ್ನು ಇಟ್ಟುಕೊಂಡು ‘ಜೊತೆಯಲ್ಲಿ ಕಾಣುತ್ತವೆ’ ಅನ್ನಿ. ‘ಆದ್ದರಿಂದ’ ಅನ್ನಲು ಇದು ಸಾಲದು.

ನಾನು ಪತ್ರಿಕೆಗೆ ಸೇರಿದ ಹೊಸದು. ಸಕಲೇಶಪುರದ ಕಡೆ ಹೋಗಿ ಬಂದು ‘ಮಳೆ ಜಾಸ್ತಿಯಾಗಿದ್ದರಿಂದ ಕಾಫಿ ಕಾಯಿ ಉದುರಿದೆ’ ಎಂದು ಬರೆದೆ. ನಮ್ಮ ಹಿರಿಯರು ನಶ್ಯ ಏರಿಸಿ, ‘ಪಕ್ಕದ ತೋಟಕ್ಕೂ ಅದೇ ಮಳೆ ತಾನೆ? ಅಲ್ಲಿ ಉದುರಿತಾ?’ ಅಂದರು. ನಾನು ಹೋಗಿರಲಿಲ್ಲ. ಮಾರನೇ ದಿನ ಮತ್ತೆ ಬಸ್ಸು ಹತ್ತಿಸಿದರು, ಚಾರ್ಜು ನನ್ನದೇ. ಪಕ್ಕದವರು ಮಳೆಗೆ ಮೊದಲೇ ಮರಗಸಿ ಮಾಡಿಸಿದ್ದರು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸಿದ್ದರು, ಗಿಡ ಚೆನ್ನಾಗಿತ್ತು. ಈ ತೋಟದಲ್ಲಿ ನೆರಳು ದಟ್ಟ. ಕಪ್ಪಾದ ಎಲೆಗಳು ಕೆಳಗೆ ಬೀಳದೆ ಬೂಷ್ಟಿನ ಎಳೆ ಹಿಡಿದು ನೇತಾಡುತ್ತಿದ್ದವು. ಕೊಳೆರೋಗ. ಮಳೆ, ನೆರಳು, ಬೂಷ್ಟು ಮೂರೂ ಬೇಕಾಗಿತ್ತು ಅದಕ್ಕೆ. ನಾನು ಮಳೆಯೊಂದನ್ನೇ ಹಿಡಿದುಕೊಂಡಿದ್ದೆ.

ನಿಮ್ಮ ಲೇಖನದಲ್ಲಿ ಹನ್ನೊಂದು ‘ಆದ್ದರಿಂದ’ ಇವೆ, ಎಣಿಸಿದ್ದೇನೆ. ಒಂದೊಂದರ ಪಕ್ಕದ ತೋಟಕ್ಕೂ ಹೋಗಿ ಬನ್ನಿ. ಆ ರೈತನನ್ನು ಮೊದಲ ಸಾಲಿಗೆ ತನ್ನಿ. ಹೆಸರು, ಊರು ಬೇಡ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದಿರಾ, ಮ್ಯಾನೊಮೆಟ್ರಿಯಲ್ಲಿ ಒತ್ತಡ ಅಳೆಸಿದಿರಾ, ಚೂರು ತೆಗೆಸಿದಿರಾ? ಏನೂ ಬರೆದಿಲ್ಲ. ಈಗ ಅವರಿಗೆ ಮುದ್ದೆ ಇಳಿಯುತ್ತಾ? ಅದನ್ನಾದರೂ ತಿಳಿಸಿ.