ಸಾಮ್ರಾಜ್ಯದ ಲಾಭ ಯಾರಿಗೆ, ಖರ್ಚು ಯಾರದು?

ಹಾವೇರಿಯ ಓದುಗರೊಬ್ಬರು ಕೇಳಿದ್ದಾರೆ: ಬ್ರಿಟಿಷರು ಲಾಭಕ್ಕಾಗಿಯೇ ದೇಶಗಳನ್ನು ಗೆದ್ದರೆಂದು ಶಾಲೆಯಲ್ಲಿ ಓದಿದ್ದೇವೆ. ವಸಾಹತುಗಳಿಂದ ಬ್ರಿಟನ್ನಿಗೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು ಎಂದು ಈಗ ಕೆಲವರು ವಾದಿಸುತ್ತಾರೆ. ನಷ್ಟದ ವ್ಯಾಪಾರವನ್ನು ಯಾರಾದರೂ ಅಷ್ಟು ವರ್ಷ ಮಾಡುತ್ತಾರೆಯೇ?

ಮಾಡುತ್ತಾರೆ, ನಷ್ಟ ಬೇರೆಯವರ ಲೆಕ್ಕಕ್ಕೆ ಬೀಳುವುದಾದರೆ. ‘ಬ್ರಿಟನ್ನಿಗೆ ಲಾಭವಾಯಿತೇ’ ಎಂದ ಕೂಡಲೇ ಲಂಡನ್ನಿನ ಬ್ಯಾಂಕರನನ್ನೂ ಲ್ಯಾಂಕಾಷೈರಿನ ಗಿರಣಿ ಕೂಲಿಯನ್ನೂ ಒಂದೇ ಖಾತೆಗೆ ಸೇರಿಸಿಬಿಡುತ್ತೇವೆ. 1902ರಲ್ಲಿ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜೆ.ಎ. ಹಾಬ್ಸನ್ ಎತ್ತಿದ ತಕರಾರೇ ಇದು. ಕೂಲಿ ಕಡಿಮೆ, ಆದ್ದರಿಂದ ದೇಶದೊಳಗೆ ಕೊಳ್ಳುವವರಿಲ್ಲ. ಉಳ್ಳವರ ಉಳಿತಾಯ ಹೊರಗೆ ಹೋಗುತ್ತದೆ, ಅದರ ಕಾವಲಿಗೆ ಸರ್ಕಾರಿ ಖರ್ಚಿನಲ್ಲಿ ಸೈನ್ಯವೂ ಹೋಗುತ್ತದೆ. ಕೂಲಿ ಏರಿಸಿದರೆ ರೋಗ ವಾಸಿಯಾದೀತು ಎಂದು ಅವರು ನಂಬಿದ್ದರು. ಲೆನಿನ್ ನಂಬಲಿಲ್ಲ.

ಈ ವಾದವನ್ನು ಈಜಿಪ್ಟಿನಲ್ಲಿ ಒರೆಗೆ ಹಚ್ಚಿ ನೋಡೋಣ. 1863ರಲ್ಲಿ ಅಧಿಕಾರಕ್ಕೆ ಬಂದ ಇಸ್ಮಾಯಿಲ್ ಪಾಶಾ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದ್ದನ್ನು ನೆಚ್ಚಿಕೊಂಡು ರೈಲು, ನಾಲೆ, ಅರಮನೆಗಳಿಗೆ ಸಾಲ ಎತ್ತಿದ. ಬೆಲೆ ಇಳಿಯಿತು, ಸಾಲ ಉಳಿಯಿತು. 1873ರ ಸಾಲಪತ್ರದ ಮುಖಬೆಲೆ 3.2 ಕೋಟಿ ಪೌಂಡ್. ಕಮಿಷನ್, ಬಡ್ಡಿ ಮುರಿದು ಕೈಗೆ ಬಂದದ್ದು ಅದರ ಮೂರನೇ ಎರಡು ಭಾಗಕ್ಕೂ ಕಡಿಮೆ, ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೆ. 1875ರಲ್ಲಿ ಸೂಯೆಜ್ ಕಾಲುವೆಯ 1,76,602 ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೇ ಮಾರಿದ. ಮರುವರ್ಷ ದಿವಾಳಿ. 1880ರ ಕಾಯ್ದೆ ದೇಶದ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಸಾಲ ಕೊಟ್ಟವರಿಗೇ ಮೀಸಲಿಟ್ಟಿತು.

ಉಳಿದ ಅರ್ಧದ ಬಜೆಟ್ಟಿನ ಮೇಲಾದರೂ ತಮಗೆ ಮತ ಇರಲಿ ಎಂದು ಈಜಿಪ್ಟಿನ ಪ್ರತಿನಿಧಿ ಸಭೆ ಕೇಳಿತು. ಜಗಳ ಬಿಗಿಯಾದದ್ದು ಇಲ್ಲಿ. ಸೇನಾಧಿಕಾರಿ ಅಹ್ಮದ್ ಉರಾಬಿ ಸಭೆಯ ಬೆನ್ನಿಗೆ ನಿಂತ. 1882ರ ಜುಲೈ 11ರಂದು ಬ್ರಿಟಿಷ್ ನೌಕಾಪಡೆ ಅಲೆಕ್ಸಾಂಡ್ರಿಯಾದ ಮೇಲೆ ಗುಂಡಿನ ಮಳೆಗರೆಯಿತು. ಸಾಮ್ರಾಜ್ಯದಾಹವನ್ನು ಖಂಡಿಸಿ ಚುನಾವಣೆ ಗೆದ್ದಿದ್ದ ಪ್ರಧಾನಿ ಗ್ಲಾಡ್‌ಸ್ಟನ್ ಅವರ ಸ್ವಂತ ಹೂಡಿಕೆಯಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಈಜಿಪ್ಟಿನ ಸಾಲಪತ್ರಗಳಲ್ಲೇ ಇತ್ತು. ಸಂಪುಟದಲ್ಲಿ ಈ ದಾಳಿಯನ್ನು ಒಪ್ಪದೆ ರಾಜೀನಾಮೆ ಕೊಟ್ಟವರು ಜಾನ್ ಬ್ರೈಟ್ ಒಬ್ಬರೇ.

ಹಾಬ್ಸನ್ ಗೆದ್ದರೆನ್ನಲು ಅವಸರ ಬೇಡ. ಫ್ರೆಂಚರ ಕೈಯಲ್ಲೂ ಈಜಿಪ್ಟಿನ ಸಾಲಪತ್ರಗಳು ಧಾರಾಳವಾಗಿದ್ದವು. ಆದರೂ ಅಲ್ಲಿನ ಸಂಸತ್ತು ದಂಡಯಾತ್ರೆಗೆ ಹಣ ಕೊಡಲಿಲ್ಲ, ಸರ್ಕಾರವೇ ಬಿತ್ತು. ಮೇಲಾಗಿ ಬ್ರಿಟಿಷ್ ಬಂಡವಾಳದ ದೊಡ್ಡ ಪಾಲು ಹೋದದ್ದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಅರ್ಜೆಂಟೀನಾಗಳಿಗೆ. ಉಷ್ಣವಲಯದ ಆಫ್ರಿಕಾಕ್ಕೆ ಸಿಕ್ಕಿದ್ದು ಚೂರುಪಾರು. ಆದ್ದರಿಂದ ಗ್ಯಾಲಹರ್, ರಾಬಿನ್ಸನ್ ಎಂಬ ಇತಿಹಾಸಕಾರರು ಬೇರೆ ಕಾರಣ ಹೇಳಿದರು: ಭಾರತಕ್ಕೆ ಹೋಗುವ ದಾರಿಯ ರಕ್ಷಣೆ. ಆಗ ಸೂಯೆಜ್ ಕಾಲುವೆ ದಾಟುತ್ತಿದ್ದ ಐದು ಹಡಗುಗಳಲ್ಲಿ ಸುಮಾರು ನಾಲ್ಕು ಬ್ರಿಟನ್ನಿನವಾಗಿದ್ದವು.

ಒಪ್ಪತಕ್ಕ ವಾದವೇ, ಆದರೆ ಒಂದು ತೊಡಕಿದೆ. ಉರಾಬಿ ಕಾಲುವೆಯನ್ನು ಮುಟ್ಟಿರಲಿಲ್ಲ. ಅದು ತಟಸ್ಥ ಜಲಮಾರ್ಗ, ಬ್ರಿಟಿಷರು ಅದರೊಳಗಿಂದ ಬರಲಾರರು ಎಂಬ, ಕಾಲುವೆ ಕಟ್ಟಿಸಿದ ಫರ್ಡಿನಾಂಡ್ ದ ಲೆಸೆಪ್ಸನ ಭರವಸೆ ನಂಬಿ ಮುಚ್ಚಲು ತಡಮಾಡಿದ. ಆಗಸ್ಟಿನಲ್ಲಿ ಜನರಲ್ ವೂಲ್ಸ್ಲಿ ಅದರ ಮೂಲಕವೇ ಬಂದು ಇಸ್ಮಾಯಿಲಿಯಾದಲ್ಲಿ ಇಳಿದ. ಸೆಪ್ಟೆಂಬರ್ 13ರ ನಸುಕಿನಲ್ಲಿ ತೆಲ್ ಎಲ್ ಕೆಬೀರ್ ಕದನ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯಿತು. ನಮ್ಮ ಅಂದಾಜಿನಲ್ಲಿ, ಜಗಳ ಹುಟ್ಟಿಸಿದ್ದು ಸಾಲ. ಒಮ್ಮೆ ಹೊಕ್ಕ ಮೇಲೆ ಬ್ರಿಟನ್ನನ್ನು ಅಲ್ಲೇ ಕಟ್ಟಿಹಾಕಿದ್ದು ಕಾಲುವೆ. ತಾತ್ಕಾಲಿಕವೆಂದು ಬಂದ ಸೈನ್ಯ ಪೂರ್ತಿ ಹೊರಟದ್ದು 1956ರಲ್ಲಿ.

ಇನ್ನು ನಷ್ಟದ ಮಾತು. ತೆಲ್ ಎಲ್ ಕೆಬೀರಿನಲ್ಲಿ ಭಾರತದ ಪಡೆಗಳೂ ಇದ್ದವು, ಬೆಂಗಳೂರಿನಲ್ಲಿ ನೆಲೆಯಿದ್ದ ಸೇನಾ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್ ಸಹಿತ. ಆ ಪಡೆಗಳ ಖರ್ಚನ್ನು ಭಾರತದ ಮೇಲೆ ಹಾಕಿದಾಗ ವೈಸ್‌ರಾಯ್ ರಿಪನ್ನರ ಸರ್ಕಾರವೇ ಪ್ರತಿಭಟಿಸಿತು. ಬ್ರಿಟನ್ ಒಂದು ಪಾಲು ಕೊಟ್ಟಿತು. ಮಿಕ್ಕದ್ದು ಭಾರತದ ಬೊಕ್ಕಸದಿಂದಲೇ ಹೋಯಿತು. ಸಾಲಪತ್ರ ಇಟ್ಟುಕೊಂಡವರಿಗೆ ಬಡ್ಡಿ ತಪ್ಪಲಿಲ್ಲ.