ಮೆಗಾಡೆತ್‌ ಮೊದಲ ಆಲ್ಬಮ್: 1985ರದ್ದೋ, 2002ರದ್ದೋ, 2018ರದ್ದೋ?

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಗಾಡೆತ್‌ನ ಮೊದಲ ಆಲ್ಬಮ್ 'ಕಿಲ್ಲಿಂಗ್ ಈಸ್ ಮೈ ಬಿಸಿನೆಸ್' ಮೂರು ರೂಪದಲ್ಲಿ ಸಿಗುತ್ತೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಒಂದೇ ಕೊಳ್ಳೋದಾದರೆ 2018ರ 'ದಿ ಫೈನಲ್ ಕಿಲ್'.

1985ರಲ್ಲಿ ಆಲ್ಬಮ್ ಮಾಡಲು ಕಾಂಬ್ಯಾಟ್ ರೆಕಾರ್ಡ್ಸ್ ಕಂಪನಿ ಮೊದಲು ಕೊಟ್ಟದ್ದು 8,000 ಡಾಲರ್. ಅದರಲ್ಲಿ ದೊಡ್ಡ ಪಾಲು ಡ್ರಗ್ಸ್, ಕುಡಿತ, ಊಟಕ್ಕೇ ಹೋಯಿತು. ನಿರ್ಮಾಪಕನನ್ನು ಕೆಲಸದಿಂದ ತೆಗೆದು ಬ್ಯಾಂಡಿನವರೇ ಕೆಲಸ ಮುಗಿಸಿದರು. ಹಾಗಾಗಿ ಧ್ವನಿ ತೆಳು, ಗಿಟಾರ್, ಡ್ರಮ್ ಒಂದರ ಮೇಲೊಂದು ಕಲಸಿಕೊಂಡಿವೆ. ಮುಖಪುಟದ ಪ್ಲಾಸ್ಟಿಕ್ ತಲೆಬುರುಡೆಯೂ ಬ್ಯಾಂಡಿನ ನಾಯಕ ಡೇವ್ ಮಸ್ಟೇನ್ ಬಯಸಿದ್ದಲ್ಲ. ಅವರ ಮೂಲ ಚಿತ್ರದ ಆಧಾರದ ಮುಖಪುಟ ಬಂದದ್ದು 2002ರಲ್ಲಿ.

2002, 2018 ಎರಡೂ ಬರೀ ರೀಮಾಸ್ಟರ್ ಅಲ್ಲ, ರೀಮಿಕ್ಸ್. ರೀಮಾಸ್ಟರ್‌ನಲ್ಲಿ ಮುಗಿದ ಮಿಶ್ರಣದ ಒಟ್ಟು ಧ್ವನಿಯನ್ನಷ್ಟೇ ತಿದ್ದಬಹುದು. ಹೂತುಹೋದ ಡ್ರಮ್ಮನ್ನು ಎತ್ತಬೇಕಾದರೆ ಒಂದೊಂದು ವಾದ್ಯದ ಮೂಲ ಟ್ರ್ಯಾಕ್‌ಗಳಿಗೇ ಕೈಹಾಕಬೇಕು, ಅದೇ ರೀಮಿಕ್ಸ್. ಡ್ರಮ್ಮರ್ ಗಾರ್ ಸ್ಯಾಮ್ಯುಯೆಲ್ಸನ್ ಅವರ ಜಾಜ್ ಛಾಯೆಯ ಕೈಚಳಕ 'ರ್‍ಯಾಟಲ್‌ಹೆಡ್' ಹಾಡಿನಲ್ಲಿ ಹೊಸ ಮಿಕ್ಸ್‌ ಬಂದ ಮೇಲೇ ಬಿಡಿಬಿಡಿಯಾಗಿ ಕೇಳಿಸೋದು.

ಎಡವಟ್ಟಾಗೋದು 'ದೀಸ್ ಬೂಟ್ಸ್' ಹಾಡಿನಲ್ಲಿ. ಅದು ಬೇರೆಯವರ ಹಳೇ ಹಾಡು, ಬ್ಯಾಂಡ್ ಅದರ ಸಾಹಿತ್ಯ ತಿರುಚಿದ್ದಕ್ಕೆ ಮೂಲ ಬರಹಗಾರ ಲೀ ಹೇಝಲ್‌ವುಡ್ ಆಕ್ಷೇಪಿಸಿದರು. ಹೀಗಾಗಿ ಕೆಲವು ಹಳೇ ಪ್ರತಿಗಳಲ್ಲಿ ಏಳೇ ಹಾಡು. 2002ರದ್ದರಲ್ಲಿ ಹಾಡಿದೆ, ಆದರೆ ತಿರುಚಿದ ಸಾಲುಗಳ ಮೇಲೆಲ್ಲ 'ಬೀಪ್', ಕಿವಿಗೆ ಹಿಂಸೆ. 2018ರದ್ದರಲ್ಲಿ ಹೇಝಲ್‌ವುಡ್ ಬರೆದ ಮೂಲ ಸಾಹಿತ್ಯವನ್ನೇ ಹಾಡಿದ್ದಾರೆ. ಸೆಕೆಂಡ್‌ಹ್ಯಾಂಡ್ ಹಳೇ ಪ್ರತಿ ಕೊಳ್ಳುವಾಗ ಹಿಂಬದಿಯಲ್ಲಿ ಎಂಟು ಹಾಡು ಇವೆಯೇ ಎಣಿಸಿ.