ಕೈ ತಲೆಗೆ ಏರುವ ಮೊದಲು

ಪ್ರಶ್ನೆ: ನನಗೆ 23 ವರ್ಷ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಓದುತ್ತಾ ಓದುತ್ತಾ ಕೂದಲು ಕಿತ್ತುಕೊಳ್ಳುತ್ತೇನೆ. ನೆತ್ತಿಯಲ್ಲಿ ರೂಪಾಯಿ ಅಗಲ ಬೋಳಾಗಿದೆ. ಅಮ್ಮ ದಿನಾ ಬೈಯುತ್ತಾರೆ, ಮುಡಿ ಕೊಡಿಸುತ್ತೇನೆ ಅಂತಾರೆ. ನನಗೇನು ಹುಚ್ಚಾ?

ಉತ್ತರ: ಹುಚ್ಚಲ್ಲ. ಬೇಕೆಂದೇ ಮಾಡುವ ಚಟವೂ ಅಲ್ಲ. ಇದನ್ನು ಟ್ರೈಕೊಟಿಲೊಮೇನಿಯಾ ಅಂತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮುಡಿ ಕೊಡುವುದು ನಿಮ್ಮ ಭಕ್ತಿಗೆ ಬಿಟ್ಟಿದ್ದು. ಆದರೆ ಕೂದಲು ಮತ್ತೆ ಬಂದಾಗ ಕೈಯೂ ಮತ್ತೆ ಬರುತ್ತದೆ, ಅಲ್ವಾ?

ಇದಕ್ಕೊಂದು ತರಬೇತಿ ಇದೆ, ಹ್ಯಾಬಿಟ್ ರಿವರ್ಸಲ್, ಅಂದರೆ ಹಳೆ ಅಭ್ಯಾಸದ ಜಾಗಕ್ಕೆ ಬೇರೆ ಅಭ್ಯಾಸ ತರುವುದು. 1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಇದನ್ನು ಬರೆದು ಪ್ರಕಟಿಸಿದರು. ತಡೆಯಲಾಗದೆ ಮತ್ತೆ ಮತ್ತೆ ಕಣ್ಣು ಮಿಟುಕಿಸುವ, ಭುಜ ಕುಣಿಸುವ ಟಿಕ್‌ಗಳಿಗೂ ಇದೇ ದಾರಿ.

ಮೊದಲ ವಾರ ಬಿಡಲು ಹೋಗಲೇಬೇಡಿ, ಸುಮ್ನೆ ಗಮನಿಸಿ. ಎಡ ಮೊಣಕೈ ಮೇಜಿನ ಮೇಲೆ ಊರುತ್ತದೆ. ಕೆನ್ನೆಗಿದ್ದ ಕೈ ಮೆಲ್ಲಗೆ ನೆತ್ತಿಗೆ ಏರುತ್ತದೆ. ಬೆರಳು ಒಂದು ಒರಟು ಕೂದಲನ್ನು ಹುಡುಕುತ್ತದೆ. ಕಿತ್ತಾಗ ಒಂದು ಕ್ಷಣ ಹಾಯೆನಿಸುತ್ತದೆ. ನಿಮ್ಮದು ಹೀಗೇನಾ, ಬೇರೆ ಥರಾನಾ? ಯಾವ ಹೊತ್ತು, ಯಾವ ವಿಷಯ ಓದುವಾಗ? ಎಲ್ಲ ಬರೆದಿಡಿ. ನನಗೆ ಕೇಳಿದರೆ ಅರ್ಧ ಕೆಲಸ ಇಲ್ಲೇ ಇದೆ.

ಆಮೇಲೆ, ಮೊಣಕೈ ಊರಿದ್ದು ಗೊತ್ತಾದ ಕೂಡಲೇ ಕೈ ಕೆಳಗಿಳಿಸಿ, ಮುಷ್ಟಿ ಬಿಗಿಹಿಡಿದು ತೊಡೆಯ ಮೇಲಿಡಿ. ಕನಿಷ್ಠ ಒಂದು ನಿಮಿಷ, ಇಲ್ಲವೇ ತುಡಿತ ಇಳಿಯುವವರೆಗೆ. ತುಡಿತ ಅಲೆಯ ಹಾಗೆ, ಏರಿದ್ದು ಇಳಿಯುತ್ತದೆ. ಓದುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಬೆರಳ ತುದಿಗೆ ಬ್ಯಾಂಡೇಜ್ ಸುತ್ತಿ. ಕೂದಲು ಜಾರಿದರೆ ಕೀಳುವ ಮಜಾ ಹೋಗುತ್ತದೆ.

ಅಮ್ಮನಿಗೂ ಕೆಲಸವಿದೆ. "ಕೈ ತೆಗಿ!" ಎಂದು ಕೂಗುವ ಬದಲು, ನೀವಿಬ್ಬರೂ ಒಪ್ಪಿಕೊಂಡ ಒಂದು ಸನ್ನೆ ಸಾಕು. ಮುಷ್ಟಿ ಹಿಡಿದಿದ್ದು ಕಂಡರೆ ಒಂದು ಒಳ್ಳೆ ಮಾತು ಆಡಲಿ. ಬೈಗುಳದಿಂದ ಒತ್ತಡ ಜಾಸ್ತಿ, ಒತ್ತಡಕ್ಕೆ ಕೈ ಮತ್ತೆ ತಲೆಗೆ.

ಒಬ್ಬರೇ ಒದ್ದಾಡಬೇಡಿ. ಇದನ್ನು ಬಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಕೆಲವು ವಾರ ಕಲಿಯಿರಿ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು, ಕಿತ್ತ ಕೂದಲನ್ನು ನುಂಗುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಅದು ಹೊಟ್ಟೆಯಲ್ಲಿ ಉಂಡೆ ಕಟ್ಟಬಹುದು. ಆಗ ಮೊದಲು ಹೊಟ್ಟೆಯ ಡಾಕ್ಟರ ಹತ್ತಿರ ಹೋಗಿ.